ಹಸಿರು ಗೆರೆಯನ್ನು ಮುರಿದವರು ಯಾರು

ಹಸ್ತಪ್ರತಿಯ ಕೆಲಸಕ್ಕೆ ಸೇರಬೇಕಾದರೆ ಎಂತ ಓದಬೇಕು ಅಂತ ಈಗಿನ ಮಕ್ಕಳು ನನ್ನನ್ನು ಕೇಳುತ್ತಾರೆ. ನಾನು ಓದಿದ್ದು ಇಷ್ಟೇ: ಜೈದ್ ನಿಂತಿದ್ದಾನೆ. ಜೈದ್ ನಿಂತಿದ್ದರೆ ಕೂತಿಲ್ಲ. ಜೈದ್ ಮನುಷ್ಯ, ಮನುಷ್ಯರಿಗೆಲ್ಲ ಸಾವುಂಟು, ಆದ್ದರಿಂದ ಜೈದನಿಗೂ ಸಾವುಂಟು. ಬಂಟ್ವಾಳದ ಕಡೆ ನಮ್ಮೂರಿನ ಮಸೀದಿಯ ಪಾಠಶಾಲೆ ದರ್ಸಿನಲ್ಲಿ ಕೂತು ನಾನು ಕಲಿತ ಮಂತಿಖ್, ಅಂದರೆ ತರ್ಕಶಾಸ್ತ್ರ, ಇದು. ಅದರ ಪುಸ್ತಕಗಳೆಲ್ಲ ಮಧ್ಯಯುಗದವು. ಉದಾಹರಣೆ ಕೊಡಲು ಬೇರೆ ಯಾರೂ ಸಿಗದೆ ಆ ಕಾಲದ ಪಂಡಿತರು ಈ ಒಬ್ಬ ಜೈದನನ್ನು ಹಿಡಿದುಕೊಂಡಿದ್ದರು. ಪಾಪ, ಶತಮಾನಗಟ್ಟಲೆ ಅವನು ನಿಂತೇ ಇದ್ದಾನೆ, ಒಬ್ಬರೂ ಕೂತುಕೋ ಅಂತ ಹೇಳಲಿಲ್ಲ.

ದರ್ಸನ್ನು ನಾನು ಪೂರ್ತಿ ಮಾಡಲಿಲ್ಲ. ಮದುವೆಯಾಯಿತು, ವೀಸಾ ಬಂತು, ಜಿದ್ದಾದಲ್ಲಿ ಬಟ್ಟೆ ಅಂಗಡಿಗೆ ಸೇರಿದೆ. ದರ್ಸು ಮುಗಿಸಿದವನು ಮುಸ್ಲಿಯಾರ್, ಊರಲ್ಲಿ ನನ್ನನ್ನು ಅರ್ಧ ಮುಸ್ಲಿಯಾರ್ ಅಂತ ಕರೆಯುತ್ತಿದ್ದರು. ಉಳಿದ ಅರ್ಧ ಎಲ್ಲಿ ಹೋಯಿತು ಅಂತ ಕೇಳಿದರೆ ಬಟ್ಟೆ ಅಳೆಯುವುದರಲ್ಲಿ ಹೋಯಿತು ಅಂತ ನಾನೇ ಹೇಳುತ್ತಿದ್ದೆ. ದರ್ಸಿನ ಹಳೆಯ ಗೆಳೆಯನೊಬ್ಬ ಒಂದು ದೊಡ್ಡ ವ್ಯಾಪಾರಿ ಮನೆತನದಲ್ಲಿ ಡ್ರೈವರ್ ಆಗಿದ್ದ. ಆ ಮನೆಯವರ ಹತ್ತಿರ ತಲೆಮಾರುಗಳಿಂದ ಕೂಡಿಟ್ಟ ಕೈಬರಹದ ಅರಬ್ಬಿ ಪುಸ್ತಕಗಳ ಖಾಸಗಿ ಗ್ರಂಥಾಲಯ ಉಂಟು, ಪುಸ್ತಕಗಳನ್ನು ಗುರುತಿಸಿ ವಿವರ ಬರೆಯಲು ಜನ ಬೇಕಂತೆ ಅಂತ ಅವನು ಹೇಳಿದ. ಹಾಗೆ ನಾನು ಡಾಕ್ಟರ್ ಸಾಲಿಹರ ಮುಂದೆ ಹೋಗಿ ಕೂತೆ.

ಡಾಕ್ಟರು ಅಂದರೆ ಮದ್ದಿನ ಡಾಕ್ಟರಲ್ಲ. ಮಧ್ಯಯುಗದ ತರ್ಕದ ಮೇಲೆ ಸಂಶೋಧನೆ ಮಾಡಿದ ಸೌದಿ ವಿದ್ವಾಂಸರು, ಗ್ರಂಥಾಲಯದ ಮುಖ್ಯಸ್ಥರು. ತೆಳ್ಳಗೆ ಎತ್ತರದ ಆಳು, ಕನ್ನಡಕವನ್ನು ಹಣೆಗೇರಿಸಿಕೊಂಡು ಅದನ್ನೇ ಹುಡುಕುವವರು. ನನ್ನ ಸರ್ಟಿಫಿಕೇಟು ಕೇಳಲಿಲ್ಲ. "ಹತ್ತಿಯನ್ನು ಬೆಂಕಿಗೆ ಹಿಡಿದರೆ, ಸುಡುವುದು ಬೆಂಕಿಯೋ?" ಅಂತ ಕೇಳಿದರು.

ಇದು ಆ ಕಾಲದ ದೊಡ್ಡ ಜಗಳ. ಸುಡುವುದು ಬೆಂಕಿಯ ಸ್ವಭಾವ, ಅದೇ ಕಾರಣ ಅಂತ ಒಂದು ಪಂಗಡ. ಬೆಂಕಿ ತಾಗಿದಾಗ ಹತ್ತಿ ಸುಟ್ಟದ್ದನ್ನು ನಾವು ಕಂಡಿದ್ದೇವೆ ಅಷ್ಟೇ, ಎರಡೂ ಜೊತೆಗೆ ಆದವು. ಬೆಂಕಿಯಿಂದಲೇ ಆಯಿತು ಅಂತ ಹೇಗೆ ಹೇಳುತ್ತೀರಿ, ಸುಡಿಸುವವನು ದೇವರು ಅಂತ ಇನ್ನೊಂದು ಪಂಗಡ. ನಾನು ಸ್ವಲ್ಪ ಯೋಚಿಸಿ, "ನನ್ನ ಉಸ್ತಾದರ ಪ್ರಕಾರ ಬೆಂಕಿಯಲ್ಲ. ಆದರೆ ನನ್ನ ಹೆಂಡತಿಯ ಪ್ರಕಾರ ಬೆಂಕಿಯೇ, ಒಲೆಯ ಹತ್ತಿರ ನನ್ನನ್ನು ಬಿಡುವುದಿಲ್ಲ" ಅಂದೆ. ಡಾಕ್ಟರು ಹೊಟ್ಟೆ ಹಿಡಿದುಕೊಂಡು ನಕ್ಕರು. ಮರುವಾರವೇ ನನ್ನ ಇಕಾಮಾ, ಅಂದರೆ ಆ ದೇಶದಲ್ಲಿ ಇರಲು ಕೊಡುವ ಪರವಾನಗಿ, ಬಟ್ಟೆ ಅಂಗಡಿಯಿಂದ ಗ್ರಂಥಾಲಯಕ್ಕೆ ಬದಲಾಯಿತು.

ಕೆಲಸದ ಜಾಗ ಜಿದ್ದಾದ ಹಳೇ ಪೇಟೆಯಲ್ಲಿ, ಮರದ ಜಾಲರಿ ಕಿಟಕಿಗಳ ಒಂದು ಮನೆ. ನಮ್ಮ ಪುಸ್ತಕಗಳ ಒಂದೊಂದು ಹಾಳೆಯೂ ಒಂದು ಜಗಳದ ಮನೆ ಅಂತ ತಿಳಿದುಕೊಳ್ಳಿ. ನಡುವೆ ಚೌಕಟ್ಟಿನ ಒಳಗೆ ಮೂಲ. ಅದರ ಸುತ್ತ ವ್ಯಾಖ್ಯಾನ. ವ್ಯಾಖ್ಯಾನದ ಸುತ್ತ ಅದಕ್ಕೆ ಟಿಪ್ಪಣಿ. ಟಿಪ್ಪಣಿಯ ಸಂದಿಯಲ್ಲಿ ಸೊಟ್ಟಗೆ, "ಇವನಿಗೆ ಅರ್ಥವೇ ಆಗಿಲ್ಲ" ಅಂತ ಇನ್ಯಾರೋ. ಯಾರ ಮಾತು ಎಲ್ಲಿ ಮುಗಿದು ಯಾರದು ಎಲ್ಲಿ ಶುರುವಾಯಿತು ಅಂತ ಬಿಡಿಸಿ ಬರೆಯುವುದೇ ನನ್ನ ಕೆಲಸ. ಮೊದಲು ಕಾರ್ಡಿನಲ್ಲಿ ಬರೆಯುತ್ತಿದ್ದೆ, ಆಮೇಲೆ ಕಂಪ್ಯೂಟರಿನಲ್ಲಿ. ಕಂಪ್ಯೂಟರ್ ಬಂದ ಮೇಲೆ ತಪ್ಪು ಕಡಿಮೆಯಾಯಿತು ಅಂತ ಹೇಳುವವರನ್ನು ನಂಬಬೇಡಿ. ಅಕ್ಷರ ಚಂದವಾಯಿತು, ತಪ್ಪು ಹಾಗೆಯೇ ಇತ್ತು.

ನನ್ನದೇ ಒಂದು ಹೇಳುತ್ತೇನೆ. ಬೆಂಕಿ–ಹತ್ತಿಯ ಅಧ್ಯಾಯದ ಅಂಚಿನಲ್ಲಿ ಒಬ್ಬ ಓದುಗ, "ಇವತ್ತು ಬೇಳೆ ಸೀದುಹೋಯಿತು, ಬೆಂಕಿ ಆರಿಸಿದ ಮೇಲೂ" ಅಂತ ಗೀಚಿದ್ದ. ನನಗೆ ಮೈ ಜುಮ್ಮೆಂದಿತು. ಕಾರಣ ಹೋದ ಮೇಲೂ ಫಲ ಉಳಿಯುತ್ತದೆ ಅಂತ ಎಂಥ ಹೊಸ ವಾದ! ಬೇರೆಲ್ಲೂ ಕಾಣದ ಆಕ್ಷೇಪ ಅಂತ ಅರ್ಧ ಪುಟ ವಿವರ ಬರೆದುಬಿಟ್ಟೆ. ಡಾಕ್ಟರು ಅದನ್ನು ಓದಿ, ಮೂಲವನ್ನು ತರಿಸಿ ನೋಡಿ, "ಇಬ್ರಾಹಿಂ, ಇದು ಆಕ್ಷೇಪ ಅಲ್ಲ. ಪಾಪದವನಿಗೆ ಹಸಿವಾಗಿತ್ತು" ಅಂದರು. ಆಮೇಲೆ ತುಂಬ ಕಾಲ ಮಧ್ಯಾಹ್ನದ ಊಟಕ್ಕೆ ಏಳುವಾಗ "ಬನ್ನಿ, ಬೇಳೆಯ ಆಕ್ಷೇಪ ಪರಿಹರಿಸುವ" ಅನ್ನುತ್ತಿದ್ದರು. ಈ ಕೆಲಸಕ್ಕೆ ಬರುವ ಮಕ್ಕಳೇ, ಅಂಚಿನಲ್ಲಿ ಬರೆದದ್ದೆಲ್ಲ ಜ್ಞಾನ ಅಂತ ತಿಳಿಯಬೇಡಿ.

ಡಾಕ್ಟರರ ದೊಡ್ಡ ಹುಚ್ಚು ಬೆಳಗಿನ ಚಹಾ. ಕಚೇರಿಯ ಯಾವ ವಿಷಯವೇ ಇರಲಿ, ಅದು ಚಹಾದ ಹೊತ್ತಿನಲ್ಲಿ ಹಳೆಯ ವಾದಸಭೆಯ ನಿಯಮದ ಪ್ರಕಾರವೇ ತೀರ್ಮಾನ ಆಗಬೇಕು. ನಿಯಮ ಸುಲಭ. ಒಬ್ಬ ಒಂದು ಮಾತು ಸಾಧಿಸಲು ಹೊರಟರೆ ಸಾಬೀತು ಮಾಡುವ ಹೊರೆ ಅವನದ್ದೇ. ಎದುರಿನವನು ಏನೂ ಸಾಬೀತು ಮಾಡಬೇಕಾಗಿಲ್ಲ. "ಲಾ ನುಸಲ್ಲಿಮ್", ಒಪ್ಪುವುದಿಲ್ಲ, ಅಂತ ಹೇಳಿ ಯಾವ ಮೆಟ್ಟಿಲನ್ನು ಒಪ್ಪುವುದಿಲ್ಲ ಅಂತ ತೋರಿಸಿದರೆ ಸಾಕು. ಹೊರೆ ಹೊತ್ತವನಿಗೆ ಉತ್ತರ ಹೊಳೆಯದಿದ್ದರೆ, ಒಪ್ಪಿದೆ ಅಂತ ಬಾಯಿಬಿಟ್ಟು ಹೇಳಿ ಏಳಬೇಕು. ಕೂಗಬಾರದು, ಎದುರಾಳಿಯ ಬಟ್ಟೆ, ಊರು, ಸಂಬಳದ ಮಾತು ತೆಗೆಯಬಾರದು. ಕೇಳಲು ಚಂದ. ಆದರೆ ಎ.ಸಿ. ರಿಪೇರಿಗೆ ಬಂದ ಮೆಕ್ಯಾನಿಕ್‌ನನ್ನೂ ಇವರು ಕೂರಿಸಿ, "ಗ್ಯಾಸ್ ಕಡಿಮೆಯಾದ್ದರಿಂದ ತಂಪಾಗುತ್ತಿಲ್ಲ ಅನ್ನುತ್ತೀ. ಒಪ್ಪುವುದಿಲ್ಲ. ಗ್ಯಾಸ್ ಕಡಿಮೆಯಾದದ್ದು ತಂಪಾಗದ್ದಕ್ಕೆ ಕಾರಣವೋ, ಎರಡಕ್ಕೂ ಬೇರೊಂದು ಕಾರಣವೋ?" ಅಂದರು. ಅವನು ಚಹಾ ಕುಡಿದು, ಟೂಲ್ ಬಾಕ್ಸ್ ತೆಗೆದುಕೊಂಡು ಹೋದವನು ಮತ್ತೆ ಬರಲಿಲ್ಲ. ಆ ಬೇಸಿಗೆ ನಾವೆಲ್ಲ ಬೆವರಿನಲ್ಲಿ ಮಿಂದೆವು ಮಾರಾಯ್ರೆ.

ಹೀಗಿದ್ದ ನಮ್ಮ ಮನೆಗೆ ಮೈಸೂರಿನಿಂದ ವಸುಧಾ ಮೇಡಂ ಬಂದರು. ಹಳೆಯ ಕಾಗದ ರಿಪೇರಿ ಮಾಡುವುದರಲ್ಲಿ ತರಬೇತಿ ಆದವರು. ವರ್ಷದ ಕಾಂಟ್ರಾಕ್ಟು, ಗಂಡನಿಗೆ ಇಲ್ಲೇ ಬೇರೊಂದು ಕಂಪನಿಯಲ್ಲಿ ಕೆಲಸ. ಅರಬ್ಬಿ ಬಾರದು, ಡಾಕ್ಟರರಿಗೆ ಇಂಗ್ಲಿಷಿನಲ್ಲಿ ವಾದ ಮಾಡುವ ಇಷ್ಟವಿಲ್ಲ. ಹಾಗಾಗಿ ನಡುವಿನ ದುಭಾಷಿ ನಾನು.

ಬಂದ ಮೊದಲನೇ ದಿನವೇ ಅವರು ನಮ್ಮ ಬಿಳಿ ಕೈಗವಸುಗಳನ್ನು ಕಸದ ಬುಟ್ಟಿಗೆ ಹಾಕಿದರು. ಬಿಳಿ ಗ್ಲೌಸ್ ಹಾಕಿಕೊಂಡು ಪುಸ್ತಕ ಹಿಡಿದ ಡಾಕ್ಟರರ ದೊಡ್ಡ ಫೋಟೋ ಬಾಗಿಲ ಎದುರೇ ಇತ್ತು. "ಗ್ಲೌಸ್ ಹಾಕ್ಕೊಂಡ್ರೆ ಹಾಳೆ ಕೈಗೆ ಗೊತ್ತಾಗಲ್ಲ ಸಾಹೇಬ್ರೇ, ಅಂಚು ಹರಿಯುತ್ತೆ. ಸೋಪು ಹಾಕಿ ಕೈ ತೊಳ್ಕೊಳಿ, ಒರಸ್ಕೊಳಿ, ಸಾಕು" ಅಂದರು. ನಾನು ಅದನ್ನು ಆದಷ್ಟು ಮೆತ್ತಗೆ ಅರಬ್ಬಿಗೆ ಇಳಿಸಿದೆ. ಡಾಕ್ಟರು "ಲಾ ನುಸಲ್ಲಿಮ್" ಅಂದರು. ಮೇಡಂ ಒಂದು ಹಳೇ ಸುದ್ದಿಪತ್ರಿಕೆ ಕೊಟ್ಟು, ಗ್ಲೌಸ್ ಹಾಕಿ ಒಂದೊಂದೇ ಪುಟ ತಿರುವಿ ಅಂದರು. ನಾಲ್ಕನೇ ಪುಟಕ್ಕೆ ಚರ್ ಅಂತ ಹರಿಯಿತು. ಡಾಕ್ಟರು ಕೈ ತೊಳೆಯಲು ಹೋದರು. ಫೋಟೋ ಮಾತ್ರ ಅಲ್ಲೇ ಇತ್ತು.

ನಮ್ಮ ಚಹಾದ ವಾದಗಳೆಂದರೆ ಮೇಡಂಗೆ ತಮಾಷೆ. "ನಿಮ್ಮ ಜೈದ್‌ಗೆ ಬೇರೆ ಕೆಲ್ಸ ಇಲ್ವೇನ್ರೀ?" ಅನ್ನುತ್ತಿದ್ದರು. ಒಂದು ದಿನ ಡಾಕ್ಟರು ಹಳೆಯ ಹಕೀಮರ, ಅಂದರೆ ತತ್ವಜ್ಞಾನಿಗಳ, ತೇಲುವ ಮನುಷ್ಯನ ಪ್ರಶ್ನೆ ಎತ್ತಿದರು. ಒಬ್ಬ ಮನುಷ್ಯನನ್ನು ಗಾಳಿಯಲ್ಲಿ ತೇಲಿಬಿಟ್ಟಿದ್ದಾರೆ. ಕಣ್ಣಿಗೆ ಏನೂ ಕಾಣದು, ಕಿವಿಗೆ ಏನೂ ಕೇಳದು, ಅವನ ಕೈ ಅವನ ಕಾಲಿಗೇ ತಾಗದು. ಆಗಲೂ ತಾನು ಇದ್ದೇನೆ ಅಂತ ಅವನಿಗೆ ಗೊತ್ತಿರುತ್ತದೆಯೇ? ಗೊತ್ತಿರುತ್ತದೆ ಅಂತಾದರೆ ಆತ್ಮ ಅಂದರೆ ದೇಹವಲ್ಲ ಅಂತ ಅವರ ಸಿದ್ಧಾಂತ. ನಾನು ಭಯಭಕ್ತಿಯಿಂದ ಕನ್ನಡಕ್ಕೆ ಮಾಡಿ ಹೇಳಿದೆ. ಮೇಡಂ ಕುಂಚದಿಂದ ತಲೆ ಎತ್ತದೆ, "ಅವನ ಇಕಾಮಾ ಮುಗಿಯೋದು ಯಾವಾಗ ಕೇಳಿ. ಹತ್ರ ಬಂದಿದ್ರೆ ಅವನಿಗೆ ತಾನಿರೋದು ಚೆನ್ನಾಗೇ ಗೊತ್ತಿರುತ್ತೆ" ಅಂದರು. ಡಾಕ್ಟರು ಅದನ್ನೂ ಒಂದು ಉತ್ತರ ಅಂತ ಗಂಭೀರವಾಗಿ ಪರಿಗಣಿಸಿದರು.

ಇಬ್ಬರ ನಡುವೆ ನಿಜವಾದ ಜಗಳ ಒಂದೇ, ಮೇಲಿನ ಮಹಡಿಯ ತೇವ ಹೀರುವ ಮಿಷನ್. ಜಿದ್ದಾದ ಸೆಕೆ ಗೊತ್ತಲ್ಲ, ಸಮುದ್ರದ ಗಾಳಿ, ಗೋಡೆಯೇ ಬೆವರುತ್ತದೆ. ಡಾಕ್ಟರು ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಂದು ಕಪಾಟಿಗೆ ಪೂರ್ತಿ ಬೂಸ್ಟು ಹಿಡಿದು ಪುಸ್ತಕಗಳು ಹೋಗಿದ್ದವಂತೆ. ಆ ನೋವು ಅವರಿಗೆ ಆರಿರಲಿಲ್ಲ. ಹಾಗಾಗಿ ಮಿಷನ್ ತರಿಸಿ, ತೀರಾ ಒಣಗಿಸುವ ಕಡೆಗೆ ತಿರುಗಿಸಿ, ಅದರ ಗುಂಡಿಯ ಮೇಲೆ ಒಂದು ಮುಚ್ಚಳ ಹಾಕಿ ಕೀಲಿಯನ್ನು ಜೇಬಲ್ಲಿ ಇಟ್ಟುಕೊಂಡಿದ್ದರು. "ಇಷ್ಟೊಂದು ಒಣಗಿಸ್ಬೇಡಿ, ಹಳೇ ಕಾಗದಕ್ಕೆ ಒಂಚೂರು ತೇವ ಬೇಕು, ಇಲ್ಲಾಂದ್ರೆ ಹಪ್ಪಳ ಆಗುತ್ತೆ" ಅಂತ ಮೇಡಂ ಎಷ್ಟೋ ಸಲ ಹೇಳಿಸಿದರು. ಪ್ರತಿ ಸಲವೂ ನಾನು ಮಹಡಿ ಹತ್ತಿ ಹೇಳಿ, ಬೈಸಿಕೊಂಡು ಇಳಿದೆ.

ಆಗ ಬಂತು ಆ ಪುಸ್ತಕ. ಆತ್ಮ, ಬುದ್ಧಿ, ಇಂದ್ರಿಯಗಳ ಮೇಲೆ ಮಧ್ಯಯುಗದ ಒಂದು ಗ್ರಂಥ, ಸುತ್ತ ವ್ಯಾಖ್ಯಾನ, ಅದರ ಸುತ್ತ ಟಿಪ್ಪಣಿ. ಮೂಲದ ಸುತ್ತ ಎಳೆದ ಚೌಕಟ್ಟಿನ ಗೆರೆ ತಾಮ್ರದ ಕಿಲುಬಿನಿಂದ ಮಾಡಿದ ಹಸಿರು. ಕಿಲುಬು ಕಾಲ ಹೋದ ಹಾಗೆ ಕಾಗದವನ್ನು ಒಳಗಿಂದ ತಿನ್ನುತ್ತದೆ. ಯಜಮಾನರು ಒಂದು ಪ್ರದರ್ಶನ ಇಡುವವರಿದ್ದರು, ಇದೇ ಅದರ ಮುಖ್ಯ ಪುಸ್ತಕ. ಮೇಡಂ ತಿಂಗಳುಗಟ್ಟಲೆ ಕೂತು ತೆಳು ಜಪಾನಿ ಕಾಗದ ಅಂಟಿಸಿ ದುರ್ಬಲವಾದಲ್ಲೆಲ್ಲ ಗಟ್ಟಿ ಮಾಡಿ ಮೇಲಿನ ಮಹಡಿಯ ಕಪಾಟಿಗೆ ಕಳಿಸಿದರು. ಪ್ರದರ್ಶನಕ್ಕೆ ಸ್ವಲ್ಪ ಮೊದಲು ಡಾಕ್ಟರು ಅದನ್ನು ತೆಗೆದು ಬಿಚ್ಚಿದರು. ಹಾಳೆ ತಿರುವಿದ ಕೂಡ್ಲೆ ಹಸಿರು ಗೆರೆಯಗುಂಟ ಪಟಪಟ ಮುರಿದು, ನಡುವಿನ ಮೂಲ ಕಿಟಕಿಯ ಬಾಗಿಲಿನ ಹಾಗೆ ಕಳಚಿ ಅವರ ಮಡಿಲಿಗೆ ಬಿತ್ತು. ಕೈಯಲ್ಲಿ ಉಳಿದದ್ದು ಸುತ್ತಲಿನ ವ್ಯಾಖ್ಯಾನ ಮಾತ್ರ. ಒಂದಲ್ಲ, ಹಾಳೆ ಮೇಲೆ ಹಾಳೆ.

ಡಾಕ್ಟರು ಬಿದ್ದ ಚೂರುಗಳನ್ನು ಒಂದೊಂದಾಗಿ ಹೆಕ್ಕಿ ಮೇಜಿನ ಮೇಲಿಟ್ಟರು. ಮುಖ ಬಿಳಿಚಿತ್ತು. ಆಮೇಲೆ ನನ್ನನ್ನು ಕರೆದು, "ಅವರಿಗೆ ಹೇಳು. ಅವರ ಅಂಟಿನ ನೀರು ಕಿಲುಬನ್ನು ಎಬ್ಬಿಸಿದೆ. ಯಜಮಾನರಿಗೆ ಬರೆಯುತ್ತೇನೆ. ಕಾಂಟ್ರಾಕ್ಟು ಮುಂದುವರಿಯುವುದಿಲ್ಲ, ಕಾರಣವನ್ನೂ ಬರೆಯುತ್ತೇನೆ" ಅಂದರು.

ಹೊಸಬರಿಗೆ ಇದು ಅರ್ಥವಾಗಬೇಕು. ಕೆಲಸ ಹೋಗುವುದು ದೊಡ್ಡದಲ್ಲ, ಗಲ್ಫಿನಲ್ಲಿ ಎಲ್ಲರಿಗೂ ಒಂದು ದಿನ ಹೋಗುತ್ತದೆ. ಆದರೆ ಹಸ್ತಪ್ರತಿ ಹಾಳು ಮಾಡಿದವರು ಅಂತ ಕಾಗದದಲ್ಲಿ ಬರೆದು ಕಳಿಸಿದರೆ, ಮೈಸೂರಿನಲ್ಲೂ ಬೇರೆಲ್ಲೂ ಯಾರೂ ಅವರ ಕೈಗೆ ಒಂದು ಹಳೇ ಹಾಳೆ ಕೊಡುವುದಿಲ್ಲ. ಈ ಕಸುಬಿನವರಿಗೆ ಅದು ಕೈ ಕಡಿದ ಲೆಕ್ಕವೇ. ನಾನು ಕನ್ನಡದಲ್ಲಿ ಅದನ್ನು ಹೇಳಿದೆ. ಮೇಡಂ ಕುಂಚವನ್ನು ನೀರಿನ ಬಟ್ಟಲಲ್ಲಿ ತೊಳೆದು, ತುದಿ ಹಿಂಡಿ, ಬದಿಗಿಟ್ಟರು.

"ನಾನು ಹಸಿರು ಗೆರೆ ಹತ್ರ ನೀರಿನ ಅಂಟು ಮುಟ್ಟಿಸೋದೇ ಇಲ್ಲ ಸಾಹೇಬ್ರೇ. ಅಲ್ಲಿ ಸ್ಪಿರಿಟ್‌ನಲ್ಲಿ ಕಲಸಿದ್ದೇ ಹಾಕೋದು. ಅವರಿಗದು ಗೊತ್ತಿಲ್ವಾ?"

"ನಾನು ಹೇಳ್ತೇನೆ."

"ಹೇಳಿದ್ರೆ ನಂಬ್ತಾರಾ?"

"ಇಲ್ಲ" ಅಂದೆ. ನಿಜ ಹೇಳಬೇಕಲ್ಲ. "ಆದರೆ ನಂಬಿಸಬೇಕಾಗಿಲ್ಲ ಮೇಡಂ. ಸಾಧಿಸುವ ಹೊರೆ ಅವರದ್ದು. ಚಹಾಕ್ಕೆ ಕೂರಿಸುವ ಅವರನ್ನು."

ಮೇಡಂ ಅಷ್ಟು ಸಂಕಟದಲ್ಲೂ ನನ್ನ ಮುಖ ನೋಡಿ, "ಜೈದ್‌ನೂ ಕರೀತೀರಾ?" ಅಂದರು.

ನಮ್ಮ ಹಳೆಯ ಪಂಡಿತರು ಕಾರಣ ಹುಡುಕಲು ಒಂದು ಉಪಾಯ ಹೇಳಿದ್ದಾರೆ. ದವರಾನ್ ಅಂತ ಹೆಸರು, ಜೊತೆಗೆ ಸುತ್ತುವುದು ಅಂತ ಅರ್ಥ. ಕಾರಣ ಇದ್ದಲ್ಲೆಲ್ಲ ಫಲ ಇರಬೇಕು, ಕಾರಣ ಇಲ್ಲದಲ್ಲಿ ಫಲವೂ ಇರಬಾರದು. ದ್ರಾಕ್ಷಿರಸ ಹುಳಿತು ಅಮಲು ಬಂದಾಗ ಹರಾಮ್, ಅದೇ ವಿನಿಗರ್ ಆಗಿ ಅಮಲು ಹೋದಾಗ ಹಲಾಲ್. ಹಾಗಾದರೆ ಕಾರಣ ಅಮಲು. ನಾನು ಅದನ್ನು ದರ್ಸಿನಲ್ಲಿ ಬಾಯಿಪಾಠ ಮಾಡಿದ್ದೆ, ಬದುಕಿನಲ್ಲಿ ಉಪಯೋಗಿಸಿರಲಿಲ್ಲ. ಮೇಡಂಗೆ ಹೇಳಿದಾಗ, "ಅಷ್ಟೇನಾ? ನಾವೂ ಹಿಂಗೇ ನೋಡೋದು" ಅಂದರು. ಇಬ್ಬರೂ ಸೇರಿ ಹಸಿರು ಗೆರೆಯಿರುವ ಪುಸ್ತಕಗಳನ್ನೆಲ್ಲ ಹುಡುಕಿದೆವು. ಮೇಲಿನ ಮಹಡಿಯಲ್ಲಿ ನಕ್ಷತ್ರಗಳ ಬಗ್ಗೆ ಒಂದು ಪುಸ್ತಕ ಇತ್ತು, ಮೇಡಂ ಅದನ್ನು ಮುಟ್ಟಿಯೇ ಇರಲಿಲ್ಲ. ತೆಗೆದು ನೋಡಿದರೆ ಅದರ ಗೆರೆಗಳೂ ಬಿರಿದಿದ್ದವು. ಮೇಡಂ ರಿಪೇರಿ ಮಾಡಿದ ಇನ್ನೊಂದು ತರ್ಕದ ಪುಸ್ತಕ ಮೇಲೆ ಜಾಗವಿಲ್ಲದೆ ಕೆಳಗಿನ ಕೋಣೆಯಲ್ಲೇ ಉಳಿದಿತ್ತು. ಅದರ ಗೆರೆಗಳು ಗಟ್ಟಿಯಾಗಿದ್ದವು, ಹಾಳೆ ಮೆತ್ತಗೆ ಬಾಗುತ್ತಿತ್ತು. ಮೇಡಂ ಕೈ ಇದ್ದಲ್ಲಿ ಮುರಿದಿಲ್ಲ, ಕೈ ಇಲ್ಲದಲ್ಲಿ ಮುರಿದಿದೆ. ಮುರುಕು ಸುತ್ತುತ್ತಿದ್ದದ್ದು ಮೇಲಿನ ಮಹಡಿಯ ಮಿಷನ್ನಿನ ಸುತ್ತ.

ಕಂಡುಹಿಡಿದ ಖುಷಿ ಒಂದು ಕ್ಷಣ. ಆಮೇಲೆ ನನಗೆ ಹೆದರಿಕೆ ಶುರುವಾಯಿತು. ಯಾಕೆಂದರೆ ಮಿಷನ್ನಿನ ಕೀಲಿ ಇರುವುದು ಡಾಕ್ಟರರ ಜೇಬಿನಲ್ಲಿ. ಬೂಸ್ಟಿನಿಂದ ಪುಸ್ತಕ ಉಳಿಸಲು ತನ್ನ ಕೈಯಾರೆ ತಿರುಗಿಸಿದ ಗುಂಡಿಯೇ ಪುಸ್ತಕ ಕೊಂದಿತು ಅಂತ ಅವರಿಗೆ ನಾನು ಹೇಳಬೇಕು. ನನ್ನ ಇಕಾಮಾದ ಮೇಲೂ ಅವರದ್ದೇ ಸಹಿ. ಹೆಂಡತಿಗೆ ಫೋನಿನಲ್ಲಿ ಹೇಳಿದೆ. "ಸುಮ್ಮನೆ ಇರಿ ಅಂತ ನಾನು ಹೇಳಿದರೆ ನೀವು ಸುಮ್ಮನೆ ಇರ್ತೀರಾ?" ಅಂತ ಕೇಳಿದಳು. ಇಲ್ಲ ಅಂದೆ. "ಮತ್ತೆ ನನ್ನತ್ರ ಯಾಕೆ ಕೇಳೂದು?" ಅಂದಳು.

ಮರುದಿನ ಚಹಾದ ಮೇಜಿನ ಮೇಲೆ ಮುರಿದ ಹಾಳೆಗಳನ್ನು ಸಾಲಾಗಿ ಇಟ್ಟಿದ್ದೆವು. ಡಾಕ್ಟರು ಅವುಗಳನ್ನು ಕಂಡು ಕೂರಲು ಹಿಂದೆಮುಂದೆ ನೋಡಿದರು.

"ವಾದಕ್ಕೋ?" ಅಂದರು.

"ವಾದಕ್ಕೆ. ಸಾಧಿಸುವವರು ನೀವು, ಕೇಳುವವನು ನಾನು."

ಅವರು ಕನ್ನಡಕವನ್ನು ಕಣ್ಣಿಗೆ ಇಳಿಸಿಕೊಂಡರು. ಸಿಟ್ಟು ಇತ್ತು, ಆದರೆ ನಿಯಮ ಅವರದ್ದೇ. "ಕಿಲುಬಿನ ಗೆರೆಗೆ ನೀರು ತಾಗಿದರೆ ಕಾಗದ ಮುರಿಯುತ್ತದೆ. ಈ ಹಾಳೆಗಳಿಗೆ ನೀರಿನ ಅಂಟು ಹಾಕಲಾಗಿದೆ. ರಿಪೇರಿಗೆ ಮೊದಲು ಮುರಿದಿರಲಿಲ್ಲ, ಆಮೇಲೆ ಮುರಿದಿವೆ. ಆದ್ದರಿಂದ ಮುರಿದದ್ದು ರಿಪೇರಿಯಿಂದ" ಅಂದರು.

"ಲಾ ನುಸಲ್ಲಿಮ್" ಅಂದೆ. ಅದು ಬೆಕ್ಕಿನ ಸ್ವರದಲ್ಲಿ ಬಂತು. ಇನ್ನೊಮ್ಮೆ ಹೇಳಿದೆ.

"ಯಾವುದನ್ನು?"

"ಆಮೇಲೆ ಆದದ್ದು ಅದರಿಂದಲೇ ಆಯಿತು ಅನ್ನುವುದನ್ನು. ಹತ್ತಿ ಸುಟ್ಟದ್ದು ಬೆಂಕಿಯಿಂದ ಅಂತ ಹೇಳಲೂ ನೀವು ನನಗೆ ಇಷ್ಟು ವರ್ಷ ಬಿಟ್ಟಿಲ್ಲ. ಹಾಗಾದರೆ ಮೇಡಂ ಮುಟ್ಟಿದ ಹಾಳೆ ಮುರಿದದ್ದು ಮೇಡಮ್ಮಿಂದ ಅಂತ ನಿಮ್ಮನ್ನು ಹೇಳಲು ನಾನು ಹೇಗೆ ಬಿಡಲಿ?"

ಡಾಕ್ಟರರ ಮೀಸೆಯ ತುದಿ ಸ್ವಲ್ಪ ಅಲುಗಿತು. ನಕ್ಕರೋ ಏನೋ, ಗೊತ್ತಾಗಲಿಲ್ಲ. ನಾನು ನಕ್ಷತ್ರದ ಪುಸ್ತಕ ಬಿಚ್ಚಿ ಬಿರಿದ ಗೆರೆ ತೋರಿಸಿದೆ. ಇದನ್ನು ಮೇಡಂ ಮುಟ್ಟಿಲ್ಲ. ತರ್ಕದ ಪುಸ್ತಕ ಬಿಚ್ಚಿ ಗಟ್ಟಿ ಗೆರೆ ತೋರಿಸಿದೆ, ಇದನ್ನು ಮುಟ್ಟಿದ್ದಾರೆ. ಒಂದು ಇದ್ದದ್ದು ಮೇಲೆ, ಒಂದು ಕೆಳಗೆ. ಮಿಷನ್ ಅನ್ನುವ ಶಬ್ದವನ್ನು ನಾನು ಬಾಯಿಂದ ತೆಗೆಯಲೇ ಇಲ್ಲ. ಅವರು ಎರಡು ಪುಸ್ತಕಗಳನ್ನೂ ತೊಳೆದ ಬರಿಗೈಯಲ್ಲಿ ತೆಗೆದುಕೊಂಡು, ಒಂದೊಂದೇ ಹಾಳೆ ಮೆಲ್ಲಗೆ ಬಾಗಿಸಿ ನೋಡಿದರು. ಒಂದು ಬಾಗಿತು, ಒಂದು ಹಪ್ಪಳದ ಹಾಗೆ ಸದ್ದು ಮಾಡಿತು. ಅವರ ಕೈ ಜೇಬಿಗೆ ಹೋಗಿ ಅಲ್ಲೇ ನಿಂತಿತು.

 ನನ್ನ ಚಹಾ ತಣ್ಣಗಾಯಿತು. "ಒಪ್ಪಿದೆ" ಅಂದರು ಡಾಕ್ಟರು.  "ನಾನೇ ಒಣಗಿಸಿದೆ. ಅವರು ಹೇಳಿದ್ದರು, ನಾನು ಕೇಳಲಿಲ್ಲ. ಯಜಮಾನರಿಗೆ ಹಾಗೆಯೇ ಬರೆಯುತ್ತೇನೆ."

ನನಗೆ ಎದ್ದು ಕುಣಿಯುವ ಅಂತ ಅನಿಸಿತು, ಅದೇ ಹೊತ್ತಿಗೆ ಆ ಮನುಷ್ಯನನ್ನು ನೋಡಿ ಪಾಪ ಅಂತಲೂ ಅನಿಸಿತು. ಮೇಡಂ ಕಡೆ ತಿರುಗಿದೆ. ಅವರು ನಮ್ಮನ್ನು ನೋಡುತ್ತಲೇ ಇರಲಿಲ್ಲ. ನಾವು ಗಂಡಸರಿಬ್ಬರು ವಾದ ಮಾಡುವಷ್ಟು ಹೊತ್ತೂ ಅವರು ಭೂತಗನ್ನಡಿ ಹಿಡಿದು ಮುರಿದ ಹಾಳೆಗಳ ಮೇಲೆ ಬಾಗಿದ್ದರು.

"ಮೇಡಂ, ಮುಗೀತು. ಒಪ್ಪಿದರು" ಅಂದೆ.

"ಅವರಿಗೆ ಹೇಳಿ" ಅಂದರು ತಲೆ ಎತ್ತದೆ. "ಇದರಲ್ಲಿ ಮೂರು ಹಾಳೆ ನಂದು."

"ಎಂತ?"

"ಇಲ್ಲಿ ನೋಡಿ, ನೀರು ಒಣಗಿದ ಕಲೆ. ಇವು ಶುರುವಿನ ಮೂರು. ಇದರಲ್ಲಿ ಗೆರೆ ಮೇಲೆ ಚಿನ್ನ ಬಳಿದಿದ್ದಾರೆ, ಬರೀ ಚಿನ್ನದ ಗೆರೆ ಅಂದ್ಕೊಂಡು ನೀರಿನ ಅಂಟೇ ಹಾಕ್ಬಿಟ್ಟಿದೀನಿ. ಮುರಿದ ಮೇಲೆ ಈಗ ಕಾಣ್ತಿದೆ, ಚಿನ್ನದ ಕೆಳಗೆ ಹಸಿರಿದೆ. ಉಳಿದಿದ್ದು ಮಿಷನ್ನಿಂದ. ಈ ಮೂರು ನನ್ನಿಂದ. ಹೇಳಿ ಅವರಿಗೆ."

"ಗೆದ್ದಾಗಿದೆ ಮಾರಾಯ್ತಿ!" ಅಂದುಬಿಟ್ಟೆ, ಮೇಡಂ ಅನ್ನುವುದೆಲ್ಲ ಮರೆತು. "ಯಾರೂ ಕೇಳಲಿಲ್ಲವಲ್ಲ. ನಿಮ್ಮ ಹೆಸರು ಉಳಿದಿದೆ. ಈಗ ಚಹಾ ಕುಡಿಯಿರಿ."

"ವಾದ ಗೆದ್ರಿ ಸಾಹೇಬ್ರೇ. ಹಾಳೆ ಮುರಿದೇ ಇದೆಯಲ್ಲ. ಕಾರಣ ಒಂದೇ ಅಂತ ಬರೆದಿಟ್ರೆ, ನಾಳೆ ಬರೋರು ಚಿನ್ನದ ಗೆರೆ ಮೇಲೆ ಮತ್ತೆ ನೀರು ಹಾಕ್ತಾರೆ. ಹೇಳಲ್ವಾ?"

 ಜಿದ್ದಾದಲ್ಲಿ ಕಳೆದ ಅಷ್ಟು ವರ್ಷದಲ್ಲಿ ಅದೊಂದೇ ಸಲ ನನಗೆ ಅರಬ್ಬಿ ಮರೆತುಹೋಯಿತು. ಮೇಡಂ ನನ್ನನ್ನು ಕಾಯಲಿಲ್ಲ. ಮೂರು ಹಾಳೆಗಳನ್ನು ಬೇರೆ ಮಾಡಿ ಡಾಕ್ಟರರ ಮುಂದೆ ಇಟ್ಟು, ಅಂಗಡಿಯಲ್ಲಿ ಟೊಮೆಟೊ ಕೊಳ್ಳುತ್ತಾ ಕಲಿತ ಅರಬ್ಬಿಯಲ್ಲಿ, "ಹಾದಾ ಸಲಾಸಾ... ಅನಾ" ಅಂದರು. ಈ ಮೂರು, ನಾನು. ಆಮೇಲೆ ಭೂತಗನ್ನಡಿಯನ್ನು ಅವರ ಕೈಗೆ ಕೊಟ್ಟು ಕಲೆಯ ಮೇಲೆ ಬೆರಳಿಟ್ಟು ತೋರಿಸಿದರು.

ಡಾಕ್ಟರು ನೋಡಿದರು. ಮೊದಲನೇ ಹಾಳೆ, ಎರಡನೇ ಹಾಳೆ, ಮೂರನೆಯದು. ಮತ್ತೆ ಮೊದಲನೆಯದು. "ನಿನಗೆ ಗೊತ್ತಿತ್ತೋ?" ಅಂತ ನನ್ನನ್ನು ಕೇಳಿದರು. ಇಲ್ಲ ಅಂದೆ. "ಇವರಿಗೆ?" ಈಗಷ್ಟೇ ಕಂಡದ್ದು ಅಂದೆ. ಕನ್ನಡಕ ತೆಗೆದು ಒರೆಸಿದರು, ಕಣ್ಣನ್ನೂ ಒರೆಸಿದರು.  ಬಾಗಿಲವರೆಗೆ ಬಂದ ಜಯ ವಾಪಸ್ ಹೋಯಿತು ಅಂತಲೇ ತಿಳಿದಿದ್ದೆ.

"ಯಜಮಾನರಿಗೆ ಬರೆಯುವಾಗ ಎರಡೂ ಕಾರಣ ಬರೆಯುತ್ತೇನೆ, ನನ್ನದು ಮೊದಲು" ಅಂದರು. "ಈ ಮೂರು ಹಾಳೆ, ಉಳಿದವು, ಎಲ್ಲ ಇವರೇ ಕೂಡಿಸಬೇಕು. ಎಷ್ಟು ವರ್ಷ ಬೇಕೋ ಅಷ್ಟು ವರ್ಷದ ಕಾಂಟ್ರಾಕ್ಟು ಕೇಳುತ್ತೇನೆ. ಬೇರೆ ಕೈಗೆ ನಾನು ಇದನ್ನು ಕೊಡುವುದಿಲ್ಲ ಅಂತ ಹೇಳು."

ಹೇಳಿದೆ. ಆಪಾದನೆ ಬಂದ ದಿನ ಕುಂಚ ತೊಳೆದಿಟ್ಟು ಒಂದು ಹನಿ ಕಣ್ಣೀರೂ ಹಾಕದ ಹೆಂಗಸು, ಈಗ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಬಿಕ್ಕಿ ಬಿಕ್ಕಿ ಅತ್ತರು. ನನ್ನ ಕಣ್ಣೂ ತುಂಬಿತು, ಯಾಕೆ ಅಡಗಿಸಲಿ.

ಡಾಕ್ಟರು ಎದ್ದು ಮಹಡಿ ಹತ್ತಿದರು. ನಾವೂ ಹಿಂದೆ ಹೋದೆವು. ಮಿಷನ್ನಿನ ಮುಚ್ಚಳದ ಕೀಲಿ ತೆಗೆದು, ಗುಂಡಿಯ ಮೇಲೆ ಕೈಯಿಟ್ಟು, ಮೇಡಂ ಕಡೆ ತಿರುಗಿ, "ಎಷ್ಟಕ್ಕೆ ಇಡಲಿ?" ಅಂತ ಕೇಳಿದರು. ಅವರ ಪ್ರಶ್ನೆಗಳನ್ನು ನಾನು ಸಾವಿರಗಟ್ಟಲೆ ಕೇಳಿದ್ದೇನೆ. ಉತ್ತರ ಗೊತ್ತಿಲ್ಲದೆ ಅವರು ಕೇಳಿದ ಪ್ರಶ್ನೆ ನನ್ನ ತಿಳುವಳಿಕೆಯಲ್ಲಿ ಅದೊಂದೇ. ಮೇಡಂ ಮೂಗು ಒರೆಸಿಕೊಂಡು ಬೆರಳಲ್ಲಿ ತೋರಿಸಿದರು. ಅವರು ಅಷ್ಟಕ್ಕೇ ಇಟ್ಟರು.